ಬೆಡ್‌ಶೀಟಿನ ಎರಡು ತುದಿ

ಮಾರ್ಚ್ ೧೧, ಬುಧವಾರ

ಪ್ರೀತಿಯ ತಂಗಿ,

ನೀನು ಕೊಟ್ಟ ಮಾತು ಮೂರು. ನಮ್ಮ ಲಾಂಡ್ರಿ ಹೆಂಗಸರ ಕುಣಿತದ ಬಗ್ಗೆ ಪುಸ್ತಕದಲ್ಲಿ ಬರೆದದ್ದನ್ನು ಮೊದಲು ನಮಗೇ ಓದಿ ಹೇಳುತ್ತೇನೆಂದೆ; ಓದಲಿಲ್ಲ. ಕುಣಿದವರ ಹೆಸರು ಹಾಕುತ್ತೇನೆಂದೆ; ಹಾಕಲಿಲ್ಲ. ಮೈಬಣ್ಣ ಹಿಡಿದು ಯಾರನ್ನೂ ಅಳೆಯುವುದಿಲ್ಲವೆಂದೆ. ಫೋಟೊಗಳ ಕೆಳಗೆ ‘ಕಪ್ಪು’, ‘ಕಡುಗಪ್ಪು’ ಎಂದು ಬರೆದಿದ್ದೀಯ.

ಉತ್ತರ ತಡವಾಯಿತು, ಬೇಸರಿಸಬೇಡ. ನಮ್ಮ ಸಹಿ ಬೇಕೆಂದು ನಿನ್ನ ಪ್ರಕಾಶಕರು ಕರಡು ಕಳಿಸಿ ಹತ್ತು ದಿನವಾಯಿತು. ಲಾಂಡ್ರಿಯ ಊಟದ ಬಿಡುವಿನಲ್ಲಿ, ಯಂತ್ರಗಳು ನಿಂತ ಮೇಲೆ, ಉಳಿದ ಆರೂ ಜನರಿಗೆ ಕೇಳುವಂತೆ ನಾನೇ ಓದಿದೆ. ಬೆಡ್‌ಶೀಟ್ ಮಡಿಸುವ ನಮ್ಮ ಕುಣಿತ ಪುರಾತನ ಆಚರಣೆ ಎಂಬಲ್ಲಿಗೆ ಬಂದಾಗ ಇಸ್ತ್ರಿಯಾಕೆಗೆ ನಗು ತಡೆಯಲಾಗಲಿಲ್ಲ. “ಪುರಾತನವಂತೆ! ನಾಲ್ಕು ವರ್ಷದ ಹಿಂದೆ ಸೊಂಟ ಹಿಡ್ಕೊಂಡಿತ್ತಲ್ಲ, ಆಗ ಈ ಕುಣಿತ ನಾನೇ ಕಟ್ಟಿದ್ದು ಕಣೇ. ಅಷ್ಟು ಮುದುಕಿ ಥರ ಕಾಣ್ತೀನಾ?”

ಎಳೆಯುವವಳು ಗಂಡು, ಬಾಗುವವಳು ಹೆಣ್ಣು ಎಂದು ಬರೆದಿದ್ದೀಯ. ಎರಡೂ ತುದಿ ಎಳೆಯದೆ ಸುಕ್ಕು ಹೋಗುತ್ತದೇನೇ? ಒಂದು ಮಡಿಕೆಗೆ ಎಳೆದವಳು ಇನ್ನೊಂದಕ್ಕೆ ಬಾಗುತ್ತಾಳೆ. ಗಂಡೂ ನಾವೇ, ಹೆಣ್ಣೂ ನಾವೇ. ಮಾನವಶಾಸ್ತ್ರ ಓದಿದವಳು ಎರಡು ವರ್ಷ ಕುರ್ಚಿಯಲ್ಲಿ ಕೂತು ನೋಡಿದೆ. ಒಂದು ದಿನ ಎದ್ದು ಒಂದು ತುದಿ ಹಿಡಿಯಲಿಲ್ಲ.

ಒಗೆಯುವ ಯಂತ್ರದಾಕೆ ಮಾತ್ರ ನಗಲಿಲ್ಲ. “ಅಕ್ಕಾ, ಬೆಳ್ಳಗಿರೋರನ್ನ ಮೇಲ್ವಿಚಾರಕ ಗಿರಾಕಿಗಳ ಮುಂದೆ ನಿಲ್ಲಿಸ್ತಾನೆ, ನಮ್ಮನ್ನ ಒದ್ದೆ ಕೋಣೆಗೆ ತಳ್ತಾನೆ. ನಿನ್ನ ತಂಗಿನೂ ಅದನ್ನೇ ಮಾಡಿದಾಳೆ, ಪುಸ್ತಕದಲ್ಲಿ. ನಾನಂತೂ ಸಹಿ ಹಾಕಲ್ಲ.” ಉಳಿದವರೂ ಪೆನ್ನು ಕೆಳಗಿಟ್ಟರು. ನನ್ನದೂ ಸೇರಿ ಏಳು ಸಹಿ ಇಲ್ಲದೆ ನಿನ್ನ ಪುಸ್ತಕ ಹೊರಬರುವುದಿಲ್ಲ, ಗೊತ್ತು. ಆಗುವುದಿಲ್ಲವೆಂದು ಪ್ರಕಾಶಕರಿಗೆ ಬರೆಯಹೊರಟವರನ್ನು, ‘ತಂಗಿಯ ಬಾಯಿಂದಲೂ ಕೇಳೋಣ’ ಎಂದು ನಾನೇ ತಡೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತ ಮಾತು: ತೊಂಬತ್ತಮೂರನೆಯ ಪುಟದಲ್ಲಿ ನನ್ನ ಫೋಟೊ ಇದೆ. ಕೆಳಗೆ, ‘ಕಡುಗಪ್ಪು ಹೆಂಗಸು, ಐವತ್ತು ದಾಟಿದವಳು, ಬಂಧುಗಳಿಲ್ಲ.’ ಹುಟ್ಟಿದ್ದು ಒಂದೇ ಹೊಟ್ಟೆಯಲ್ಲಿ. ನಿನಗೆ ನಿನ್ನಪ್ಪನ ಬಣ್ಣ ಬಂತು, ನನಗೆ ನನ್ನಪ್ಪನದು. ನನ್ನ ಪಾದಗಳ ಮೇಲೆ ನಿಂತು ಕುಣಿಯಲು ಕಲಿತವಳು ನೀನು. ಫೋಟೊದ ಕೆಳಗಿನ ಆ ಸಾಲನ್ನು ಅವರಿಗೆ ಓದದೆ ಹಾರಿಸಿದೆ. ಅದನ್ನು ನೀನೇ ಓದಬೇಕು, ನನ್ನ ಮುಖ ನೋಡಿಕೊಂಡು. ಇಸ್ತ್ರಿ ಕೋಣೆಯಲ್ಲಿ ಸಭೆ, ಬರುವ ಭಾನುವಾರ, ಸಂಜೆ ನಾಲ್ಕು ಗಂಟೆಗೆ.