ಜನಗಣತಿಯ ಹುಡುಗಿ ಬಂದ ದಿನ

ಚೆಬೊಕ್ಸಾರಿ
20 ನವೆಂಬರ್ 2021

ಪ್ರೀತಿಯ ಅವ್ವನಿಗೆ, ಲಿಸುಕ್ ಮಾಡುವ ನಮಸ್ಕಾರಗಳು.

ನೀನು ಊರಿಗೆ ಹೋಗಿ ನಾಲ್ಕು ವಾರವಾಯಿತು. ಬಾತುಗಳಿಗೆ ಮೇವು ಹಾಕುವವರಿಲ್ಲ ಎಂದು ನೀನು ಹೊರಟಾಗ ನಾನು ಸುಮ್ಮನೆ ಹೂಂಗುಟ್ಟಿದೆ. ನೀನು ಪಕ್ಕದ ಮನೆಯವರಿಗೆ ಹೇಳಿಯೇ ಬಂದಿದ್ದೆ ಎಂಬುದು ನನಗೆ ಗೊತ್ತಿತ್ತು. ಫೋನಿನಲ್ಲಿ ನಿನ್ನ ಮಂಡಿನೋವು, ಬಿದ್ದ ಹಿಮ ಎಲ್ಲ ಮಾತಾಡುತ್ತೇವೆ. ಆ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಜನಗಣತಿಯ ಹುಡುಗಿ ಬಂದಾಗ ನೀನು ಅಡುಗೆಮನೆಯಲ್ಲಿ ಹುಪ್ಲು ಕಡುಬಿಗೆ ಹಿಟ್ಟು ನಾದುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ನಾನು ಹೇಳುತ್ತಾ ಹೋದೆ. ಜನಾಂಗ? ರಷ್ಯನ್. ಮಗಳದ್ದು? ಅದೇ. ಚುವಾಶ್ ಭಾಷೆ? ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ ಎಂದೆ. ಅಷ್ಟರಲ್ಲಿ ನೀನು ಕೈ ಒರೆಸಿಕೊಳ್ಳುತ್ತಾ ಬಂದು ನಮ್ಮ ಚುವಾಶ್ ಮಾತಿನಲ್ಲೇ, “ಯಾವೂರು ಮಗಾ ನಿಂದು? ಒಸಿ ತಡಿ, ಬಿಸಿಬಿಸಿ ತಿಂದ್ಕೊಂಡು ಹೋಗೀವಂತೆ” ಅಂದೆ. ಅವಳ ಮುಖ ಅರಳಿತು. “ನಮ್ದು ಹೊಳೆಯಾಚೆ, ಅಜ್ಜಿ. ನಮ್ಮಜ್ಜಿನೂ ನಿಮ್ ಥರಾನೇ ಮಾತಾಡ್ತಿದ್ರು” ಎಂದು ನಮ್ಮ ಮಾತಿನಲ್ಲೇ ಉತ್ತರ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು.

“ನಮ್ಮಮ್ಮಂಗೆ ವಯಸ್ಸಾಗಿದೆ, ಏನೇನೋ ಮಾತಾಡ್ತಾರೆ” ಅಂದುಬಿಟ್ಟೆ, ರಷ್ಯನ್‌ನಲ್ಲಿ. ನೀನು ತಡವರಿಸುತ್ತಾ ಅದೇ ಭಾಷೆಯಲ್ಲಿ, “ಹೂಂ ಮಗಾ, ನಂಗೆ ತಲೆ ನೆಟ್ಟಗಿಲ್ಲ” ಎಂದು ಒಳಗೆ ಹೋದೆ. ನನ್ನ ಸುಳ್ಳು ಉಳಿಸಲು ನೀನು ಹುಚ್ಚಿಯಾದೆ.

ಇದು ಮೊದಲ ಸಲವೂ ಅಲ್ಲ, ಅವ್ವ. ನರ್ಸಿಂಗ್ ಓದುವಾಗ ಹಾಸ್ಟೆಲಿನ ಹುಡುಗಿಯರು “ಹಳ್ಳಿ ಗುಗ್ಗು ಬಂತು ನೋಡ್ರೇ” ಎಂದು ನನ್ನ ಉಚ್ಚಾರ ಅಣಕಿಸುತ್ತಿದ್ದರು. ಲಿಸುಕ್ ಹೋಗಿ ಲೀಜಾ ಆದೆ. ನೀನು ಕಸೂತಿಯ ತಲೆವಸ್ತ್ರ ಕಟ್ಟಿಕೊಂಡು ನೋಡಲು ಬಂದಾಗ, ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲೇ ಮಾತಾಡಿಸಿ ಕಳಿಸಿದೆ. ಅಂಥ ನಿಯಮವೇ ಇರಲಿಲ್ಲ. ದಿಯಾನಾ ಹುಟ್ಟಿದಾಗ, ಮಗುವಿನ ನಾಲಿಗೆ ಕೆಟ್ಟೀತು, ನಮ್ಮ ಜೋಗುಳ ಬೇಡ ಎಂದವಳೂ ನಾನೇ.

ಗಣತಿ ಮುಗಿಯುವ ಮುನ್ನಾದಿನ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ, ಬರೆದದ್ದನ್ನು ತಿದ್ದಿಕೊಡು ಎಂದು ಕೇಳಿದೆ. “ಆವತ್ತೇ ಕಳಿಸ್ಬಿಟ್ಟೆ ಅಕ್ಕ. ಇನ್ನೇನಿದ್ರೂ ಮುಂದಿನ ಗಣತಿಗೇ” ಅಂದಳು. ಅದಕ್ಕೆ ಹತ್ತು ವರ್ಷ. ನಿನಗೀಗ ಎಂಬತ್ತೊಂದು. ಅವಳ ಮುಂದೆ ನಿಂತೇ ಅತ್ತೆ.

ಬರುವ ಶನಿವಾರ ಊರಿಗೆ ಬರುತ್ತೇನೆ. ಬಸ್ಸಿಳಿದಲ್ಲಿಂದ ಎದುರು ಸಿಕ್ಕವರ ಹತ್ತಿರವೆಲ್ಲ ನಮ್ಮ ಮಾತೇ ಆಡುತ್ತೇನೆ. ತಪ್ಪಿದರೆ ನಗಲಿ.

ನಿನ್ನ ಮಗಳು
ಲಿಸುಕ್

ಮತ್ತೆ: ಕೈಬರಹ ನನ್ನದಲ್ಲವೆಂದು ನಿನಗೆ ಆಗಲೇ ತಿಳಿದಿರಬೇಕು. ನಮ್ಮ ಭಾಷೆಯಲ್ಲಿ ಬರೆಯಲು ಕೂತೆ, ನಾಲ್ಕು ಸಾಲು ದಾಟಲಾಗಲಿಲ್ಲ. ನಾನು ರಷ್ಯನ್‌ನಲ್ಲಿ ಹೇಳಿದ್ದನ್ನು ಚುವಾಶ್‌ಗೆ ತಂದು ಬರೆದವಳು ದಿಯಾನಾ. ಎರಡು ವರ್ಷದಿಂದ ಗ್ರಂಥಾಲಯಕ್ಕೆ ಹೋಗಿ ಕಲಿಯುತ್ತಿದ್ದಾಳಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನಿಂಗೆ ನಾಚಿಕೆ ಆಗುತ್ತೆ ಅಂತ ಹೇಳ್ಲಿಲ್ಲಮ್ಮ” ಅಂದಳು.