ಕಬ್ಬಿಣದ ಕಾವಲಿಯೇ ಇರಲಿ

ಪ್ರೀತಿಯ ಅಕ್ಕನಿಗೆ,

ಕಬ್ಬಿಣದ ಕಾವಲಿ ತರಲೋ, ನಾನ್‌ಸ್ಟಿಕ್ ತರಲೋ ಎಂದು ಕೇಳಿದ್ದೀಯ. ಕಬ್ಬಿಣದ್ದೇ ತಾ. ಭಾರವಾದರೂ ಪರವಾಗಿಲ್ಲ.

ನಾನ್‌ಸ್ಟಿಕ್ ಇವರೇ ತಂದಿದ್ದಾರೆ. ಮೊನ್ನೆ ಇವರ ಆಫೀಸಿನವರು ಮನೆಗೆ ಬಂದಿದ್ದಾಗ ನಮ್ಮ ಗಿಣಿ ಥೇಟ್ ಇವರದೇ ದನಿಯಲ್ಲಿ, "ಬಾಯ್ಮುಚ್ಕೊಂಡು ಬಿದ್ದಿರು!" ಎಂದುಬಿಟ್ಟಿತು. ಬಂದವರು ಬಿದ್ದು ಬಿದ್ದು ನಕ್ಕರು. ಇವರು ನಗಲಿಲ್ಲ.

ಮಾರನೆಯ ದಿನ ಇಬ್ಬರೂ ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯವನು, "ನಾನ್‌ಸ್ಟಿಕ್ ಖಾಲಿ ಇಟ್ಟು ಕಾಯಿಸ್ಬೇಡಿ ಸಾರ್. ಮನೇಲಿ ಹಕ್ಕಿ ಇದ್ರೆ ಆ ಹೊಗೆಗೇ ಸತ್ತೋಗ್ತವೆ" ಎಂದ. "ಹೌದಾ?" ಎಂದವರೇ, ಕೈಯಲ್ಲಿದ್ದ ಕಬ್ಬಿಣದ ಕಾವಲಿಯನ್ನು ಕೆಳಗಿಟ್ಟು ನಾನ್‌ಸ್ಟಿಕ್ ಕಟ್ಟಿಸಿಕೊಂಡರು.

ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಳ್ಳದವರು ಭಾನುವಾರ ಬೆಳಿಗ್ಗೆ, "ನೀನು ಆರಾಮಾಗಿ ಸ್ನಾನ ಮಾಡು, ಆಮ್ಲೆಟ್ ನಾನೇ ಹಾಕ್ತೀನಿ" ಎಂದರು. ನಾನು ಬಂದಾಗ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಖಾಲಿ ಕಾವಲಿ ಹೊಗೆಯಾಡುತ್ತಿತ್ತು. ಹಜಾರದಲ್ಲಿರುತ್ತಿದ್ದ ಪಂಜರ ಒಲೆಯ ಪಕ್ಕ ಬಂದಿತ್ತು. ಗಿಣಿ ಅದರ ತಳದಲ್ಲಿ ಬಿದ್ದಿತ್ತು. ಮೊಟ್ಟೆಗಳು ಬುಟ್ಟಿಯಲ್ಲೇ ಇದ್ದವು.

"ಪಾಪ, ವಯಸ್ಸಾಗಿತ್ತು" ಎಂದರು.

ಕಾವಲಿಯನ್ನು ಯಾರ ಕೈಯಲ್ಲೂ ಕಳಿಸಬೇಡ, ನೀನೇ ತಾ. ಇವರು ಕೆಲಸಕ್ಕೆ ಹೋದ ಮೇಲೆ ಬಾ. ಚೀಲ ದೊಡ್ಡದಿರಲಿ, ಹಿಂದಿರುಗುವಾಗ ನನ್ನ ಬಟ್ಟೆಗಳೂ ಹಿಡಿಸಬೇಕು. ಇವರು ನನಗೆ ಹೇಳುವುದನ್ನು ನಾಲ್ಕು ಜನರ ಮುಂದೆ ಹೇಳಲು ಈ ಮನೆಯಲ್ಲಿ ಈಗ ಯಾರೂ ಇಲ್ಲ.

ಭಾನುವಾರಕ್ಕೆ ಮುಂಚೆಯೇ ಬಾ ಅಕ್ಕಾ. ಈ ವಾರವೂ ಆಮ್ಲೆಟ್ ತಾವೇ ಹಾಕುವುದಾಗಿ ಹೇಳಿದ್ದಾರೆ.

ನಿನ್ನ ದಾರಿ ಕಾಯುತ್ತಿರುವ,
ತಂಗಿ