ನಿನ್ನ ಜನಕ್ಕೆ ನಾನು ಹೊರಿಸಿದ ಕಟ್ಟಳೆ

ಗೆಳೆಯ ಬೆಳ್ಳಿಗೆ,

ನಿನಗೆ ಓದಲು ಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನಿದ್ದಾಗ ನಿನ್ನ ಊರು ತುಮ್ಮನಟ್ಟಿಗೆ ಯಾವ ಕಾಗದ ಬಂದರೂ ಅದನ್ನು ಹೊದ್ದ ಬಟ್ಟೆಯ ತುದಿಗೆ ಗಂಟು ಹಾಕಿಕೊಂಡು ಊಟಿಯ ನನ್ನ ಮನೆಯವರೆಗೆ ನಡೆದು ಬರುತ್ತಿದ್ದೆ. ಜಗಲಿಯ ಅಂಚಿನಲ್ಲಿ ಕೂತು, "ಏನ ಹೇಳುತ್ತೆ ಅಯ್ಯಾ ಇದು?" ಎನ್ನುತ್ತಿದ್ದೆ. ನಾನು ಓದಿದ್ದೇ ಕಾಗದ, ನಾನು ಹೇಳಿದ್ದೇ ಅರ್ಥ. ಒಂದು ದಿನವಾದರೂ, ಇನ್ನೊಮ್ಮೆ ಓದು, ಸರಿಯಾಗಿ ನೋಡು ಎಂದಿದ್ದೀಯಾ? ನೀನು ಹೋಗಿ ಐದು ವರ್ಷವಾಯಿತು. ಈ ಕಾಗದವನ್ನೂ ನಾನೇ ಓದಿ ಹೇಳಬೇಕು. ನಿನ್ನ ಮಾತುಗಳನ್ನು ನನ್ನ ಕನ್ನಡದ ಕಡೆಗೆ ಎಳೆದು ಬರೆಯುತ್ತೇನೆ, ನಿನ್ನ ಬಾಯಲ್ಲಿದ್ದ ಹದ ನನಗೆ ಬಾರದು. ಅರ್ಥವನ್ನು ಮಾತ್ರ ಈ ಸಲ ಕೆಡಿಸುವುದಿಲ್ಲ.

ಕೆತ್ತಿಯ ಮೇಲಿನ ಆ ಬಂಗಲೆ ನಿನಗೆ ನೆನಪಿರಬೇಕು. ದೊಡ್ಡ ಯುದ್ಧಕ್ಕೆ ಎರಡು ವರ್ಷ ಹಿಂದಿನ ಮಳೆಗಾಲ. ನಮ್ಮ ದೊರೆ, ಗೋಡೆಯ ತುಂಬ ಕೊಂಬು ತೂಗುಹಾಕಿದವನು, ಅದೇನು ಹೊಳೆಯಿತೋ, ಇನ್ನು ಕೊಲ್ಲುವುದಿಲ್ಲ, ನೋಡುವುದು ಮಾತ್ರ ಎಂದುಬಿಟ್ಟ. ಕಡಲಾಚೆ ಜಾವಾ ದ್ವೀಪದಲ್ಲಿ ಹೊಗೆಯಾಡುವ ಬೆಟ್ಟವಿದೆ, ಅದರ ಸುತ್ತಿನ ಕಾಡನ್ನು ಡಚ್ಚರ ಸರ್ಕಾರ ಮೀಸಲಿಟ್ಟಿದೆ, ಅಲ್ಲಿ ಒಂಟಿಕೊಂಬಿನ ಖಡ್ಗಮೃಗ ಕೆಸರಿನ ಹೊಂಡಕ್ಕೆ ಬರುತ್ತದೆ. ಅದನ್ನು ಕೂತು ನೋಡಬೇಕು. ನಾನು ಅವನ ಕಾಗದಪತ್ರ ಬರೆಯುವ ರೈಟರು. ನೀನು ಅವನಿಗೆ ಕಾಡಿನಲ್ಲಿ ಮೃಗದ ಹೆಜ್ಜೆ ಹಿಡಿದು ಕೊಡುವವನು. ದೊರೆ 'ವಾಲ್ಕೇನೊ' ಎಂದಾಗ ನೀನು ನನ್ನ ಮುಖ ನೋಡಿದೆ. ಕಾಲೇಜಿನಲ್ಲಿ ಆ ವಿಷಯಕ್ಕೆ ಒಂದು ಇಂಗ್ಲಿಷ್ ಪಾಠವೇ ಇತ್ತು, 'ಎ ಮೌಂಟನ್ ವಿಚ್...' ಎಂದು ಶುರುವಾಗುತ್ತಿತ್ತು, ಮುಂದಿನದು ಆಗಲೇ ಮರೆತಿತ್ತು. ಒಡಲಲ್ಲಿ ಬೆಂಕಿ ಇರುವ ಬೆಟ್ಟ ಎಂದೆ. ನೀನು ನಕ್ಕು, "ಬೆಟ್ಟಕ್ಕೂ ಹೊಟ್ಟೆಯುರಿಯಾ ಅಯ್ಯಾ?" ಎಂದೆ. ನಾನೂ ನಕ್ಕೆ. ಆಗಿನ್ನೂ ನಗುವ ಹಕ್ಕು ನನಗಿತ್ತು.

ಆ ಮೂರು ತಿಂಗಳು ಎಷ್ಟು ಚೆನ್ನಾಗಿದ್ದವು. ಮೇಜಿನ ಮೇಲೆ ನಕ್ಷೆ, ನಕ್ಷೆ ಸುರುಳಿಯಾಗದಂತೆ ನಾಲ್ಕು ಮೂಲೆಗೆ ನಾಲ್ಕು ಕೊಂಬು. ನಾಗಪಟ್ಟಣದಿಂದ ಹಡಗು, ಸಿಂಗಪುರದಲ್ಲಿ ಬದಲಿ, ಅಲ್ಲಿಂದ ಬಟಾವಿಯಾ. ಜಿಗಣೆಗೆ ಉದ್ದನೆಯ ಕಾಲುಚೀಲ, ಜ್ವರಕ್ಕೆ ಕ್ವಿನೈನು, ಒದ್ದೆಯಾಗದ ಡಬ್ಬಿಯಲ್ಲಿ ಬೆಂಕಿಕಡ್ಡಿ. ಪಟ್ಟಿ ಬರೆಯುವವನು ನಾನು, ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳುವವನು ನೀನು. "ಆ ಬೆಟ್ಟದಲ್ಲಿ ಬೆಳಗಿನ ಗಾಳಿ ಮೇಲಕ್ಕೋ ಕೆಳಕ್ಕೋ, ಕೇಳಿ ಬರೆ" ಎಂದೆ ನೀನು. ಬರೆದೆ. ಡಚ್ಚರ ಆಫೀಸಿನಿಂದ ಎರಡು ಪುಟದ ಉತ್ತರ ಬಂತು, ಬರೀ ಗಾಳಿಯ ವಿಚಾರ. ದೊರೆ ಅದನ್ನು ಓದಿ ಎದ್ದು ನಿಂತು, "ಇದನ್ನು ಕೇಳಿದ್ದು ಯಾರು?" ಎಂದ. ಬೆಳ್ಳಿ ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಮಾರನೆಯ ವಾರವೇ ಅಲ್ಲವೇ ಅದು? ಮಂಜು ಜಗಲಿಯೊಳಗೇ ಬಂದಿತ್ತು. ದೊರೆ ಹೇಳಿದ, ಪರವಾನಗಿ ಇಬ್ಬರಿಗೆ ಮಾತ್ರ ಬಂದಿದೆ, ತಾನು ಮತ್ತು ಬೆಳ್ಳಿ, ಬರುತ್ತಾನೆಯೇ ಕೇಳು. ದೊರೆಗೆ ತಮಿಳಿನ ಹತ್ತು ಮಾತು ಬಿಟ್ಟರೆ ನಮ್ಮ ಕಡೆಯ ಮಾತು ಬೇರೇನೂ ಬಾರದು. ಕಾಡಿನಲ್ಲಿ ನಿಮ್ಮಿಬ್ಬರಿಗೆ ಮಾತು ಬೇಕಿರಲಿಲ್ಲ, ಜಗಲಿಯಲ್ಲಿ ಬೇಕಾಯಿತು. ನಿನ್ನ ಹೆಸರು ಕೇಳಿ ನೀನು ತಲೆಯೆತ್ತಿದೆ. ನಾನು ನಿನ್ನ ಕಡೆ ತಿರುಗಿ ಕೇಳಿದ್ದೇನು ಗೊತ್ತೆ? ಆ ಮಾತು ನಿನಗೆ ಗೊತ್ತು, ಆದರೆ ಅದು ಯಾವ ಮಾತಿನ ಬದಲು ಬಂತೆಂದು ಗೊತ್ತಿಲ್ಲ. "ಈ ಸಲ ಆಲೂಗಡ್ಡೆ ಹೇಗಿದೆ ಅಂತ ದೊರೆ ಕೇಳುತ್ತಾನೆ" ಎಂದೆ.

ನಿನ್ನ ಮುಖ ಇಳಿಯಿತು. ತಲೆ ಆಡಿಸಿದೆ. "ಇಲ್ಲೆ ಅಯ್ಯಾ, ಈ ಮಳೆಗೆ ಮಣ್ಣೊಳಗೇ ಕೊಳೆತು ಹೋತು. ಏನ ಮಾಡೋದು."

ದೊರೆ ಆ ತಲೆಯಾಡಿಸುವಿಕೆಯನ್ನೂ ಆ ಮುಖವನ್ನೂ ನೋಡಿದ. ನಾನು ಅವನಿಗೆ ಹೇಳಿದೆ, ಇವನ ಜನ ಉಪ್ಪುನೀರು ದಾಟುವುದಿಲ್ಲ, ದಾಟಿದವನು ತನ್ನ ಮನೆಯ ಹಾಲಿನ ಕೋಣೆಗೆ ಮತ್ತೆ ಕಾಲಿಡುವಂತಿಲ್ಲ. 'ಇಟ್ ಈಸ್ ದೇರ್ ಕಸ್ಟಮ್, ಸರ್.' ನಿಮ್ಮ ಮನೆಯೊಳಗಿನ ಆ ಕೋಣೆಯನ್ನು ನೀವು ಎಷ್ಟು ಮಡಿಯಿಂದ ನೋಡುತ್ತೀರಿ ಎಂದು ನೀನೇ ನನಗೆ ಹೇಳಿದ್ದೆ. ಅದನ್ನೇ ಸುಳ್ಳಿಗೆ ಮೆಟ್ಟಿಲು ಮಾಡಿಕೊಂಡೆ. ದೊರೆ ನಿಟ್ಟುಸಿರಿಟ್ಟು ಕೋಟಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡ. ಗುಡ್ಡದ ಜನರ ಕಟ್ಟಳೆ ಎಂದರೆ ಅವನಿಗೆ ಎಲ್ಲಿಲ್ಲದ ಆಸೆ.

ಕಡಲು ದಾಟಬಾರದ ಕಟ್ಟಳೆ ಯಾರದು ಬೆಳ್ಳಿ? ನಂಜನಗೂಡಿನ ಕಡೆಯಿಂದ ಬಂದ ನಮ್ಮದು. ನಮ್ಮ ಮನೆಯ ಹಿರಿಯರದು. ಅದನ್ನು ನಿನ್ನ ತಲೆಗೆ ಕಟ್ಟಿ ನಾನು ಹಡಗು ಹತ್ತಿದೆ. ಹಿಂತಿರುಗಿದ ಮೇಲೆ ಪುರೋಹಿತರ ಮುಂದೆ ಕೂತು ಪಂಚಗವ್ಯ ಕುಡಿದು ಶುದ್ಧನಾದೆ. ಯಾವುದರಿಂದ ಶುದ್ಧನಾದೆನೋ.

ನಿನಗೆ ನಾನು ಹೇಳಿದ್ದು, ಇಬ್ಬರಿಗೇ ಪರವಾನಗಿಯಂತೆ, ಬರವಣಿಗೆಗೆ ನಾನು ಬೇಕಂತೆ.  ನೀನು, "ಆಗಲಿ. ನೀ ನೋಡಿ ಬಂದು ಎನಗೆ ಹೇಳು. ಆದರೆ ನಿನಗೆ ನೋಡೋಕೆ ಬಾರದು, ಕಲಿಸಿ ಕಳಿಸುತ್ತೇನೆ" ಎಂದೆ. ಒಂದು ಮಾತಿನ ಮುನಿಸಾದರೂ ತೋರಿಸಿದ್ದರೆ ನನಗೆ ಇಷ್ಟು...

ಅವಲಾಂಚಿಯ ಕಾಡಿನಲ್ಲಿ ಆ ಎಂಟು ದಿನ. ಬೆಳಗಿನ ಚಳಿಯಲ್ಲಿ ನೀನು ನನ್ನನ್ನು ಬಂಡೆಯ ಮರೆಯಲ್ಲಿ ಕೂರಿಸಿದೆ. ಎದುರಿನ ಇಳಿಜಾರಿನಲ್ಲಿ ಕಾಡಾಡು ಮೇಯಲು ಬರುವ ಜಾಗ. "ನೋಡೋದು ಅಂದರೆ ಕೂರೋದು ಅಯ್ಯಾ. ಸಾಕು ಅನಿಸಿದ ಮೇಲೆ ಇನ್ನೂ ನೂರು ಉಸಿರು ಕೂರು. ಅದು ಬರೋದು ಆ ನೂರರಲ್ಲೇ." ಮೊದಲ ದಿನ ಹತ್ತು ಉಸಿರಿಗೆ ನನ್ನ ಕೈ ನಸ್ಯದ ಡಬ್ಬಿಗೆ ಹೋಯಿತು, ಸೀನಿದೆ, ಆಡುಗಳು ಬಂಡೆಯಿಂದ ಬಂಡೆಗೆ ಹಾರಿ ಮಾಯ. ನೀನು ಕೈ ಚಾಚಿ, "ಡಬ್ಬಿ ಕೊಡು. ನೀ ಬಂದ ಮೇಲೆ ತಕೊ" ಎಂದೆ. ಕೊಟ್ಟೆ. ಎಂಟನೆಯ ದಿನ ಒಂದು ಮುದಿ ಗಂಡು ಆಡು ನಮ್ಮಿಂದ ಹತ್ತು ಮಾರು ದೂರದಲ್ಲಿ ನಿಂತು ಮೆಲುಕು ಹಾಕಿತು. ನೀನು ಆಡನ್ನು ನೋಡಲೇ ಇಲ್ಲ, ನನ್ನನ್ನು ನೋಡುತ್ತಿದ್ದೆ, ನನ್ನ ಮುಖದಲ್ಲಿ ಅದು ಕಾಣುತ್ತದೆಯೋ ಎಂಬಂತೆ.

ನಾಗಪಟ್ಟಣದಲ್ಲಿ ಹಡಗು ಹತ್ತುವ ಮುಂಚೆ ನಾನು ಹೊಸ ಡಬ್ಬಿ ಕೊಂಡೆ.

ಖಡ್ಗಮೃಗದ ಸಂಗತಿ ಈಗ ನಿಜ ಹೇಳುತ್ತೇನೆ ಕೇಳು. ಬೆಟ್ಟದ ತುದಿಯಲ್ಲಿ ಹೊಗೆ, ಕೆಳಗೆ ಪಾಚಿ ಕಟ್ಟಿದ ಮರಗಳು, ಥೇಟು ನಮ್ಮ ಅವಲಾಂಚಿಯ ಕಾಡಿನಂತೆ, ಸ್ವಲ್ಪ ಗಂಧಕದ ವಾಸನೆ ಅಷ್ಟೆ. ಮೂರು ದಿನ ಕೂತೆವು. ಮೂರನೆಯ ಬೆಳಗ್ಗೆ ಕೊಂಬೆ ಮುರಿದ ಸದ್ದು, ದೊಡ್ಡ ಉಸಿರು, ಜೊಂಡು ಅಲುಗಿತು. ಹೆದರಿಕೆಯೋ ಸಂಭ್ರಮವೋ, ನನ್ನ ಬೆರಳು ತಾನಾಗಿ ಡಬ್ಬಿಗೆ ಹೋಯಿತು. ಸೀನಿದೆ. ಜೊಂಡು ಇನ್ನೊಮ್ಮೆ ಅಲುಗಿತು, ಅಷ್ಟೆ. ದೊರೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ನಿನ್ನ ಸ್ನೇಹಿತನ ಕಟ್ಟಳೆಗೆ ಬೆಂಕಿ ಬೀಳಲಿ" ಎಂದ. ಊರಿಗೆ ಬಂದು ನಾನು ನಿನಗೆ ಹೇಳಿದ್ದೇನು? ನೋಡಿದೆ, ಆನೆಯ ಅರ್ಧದಷ್ಟಿತ್ತು, ಕಣ್ಣು ಕೆಂಪಗಿತ್ತು ಎಂದೆ. ನೀನು ಕೇಳಿದೆ, "ಕಿವಿ ಮೊದಲು ತಿರುಗಿಸಿತೋ ಮೂತಿ ಮೊದಲೋ?" ನಾನು ಕಾಫಿ ಕುಡಿಯುತ್ತ ಕೂತೆ. ನೀನು ಮತ್ತೆ ಕೇಳಲಿಲ್ಲ. ನನ್ನ ಹಳೆಯ ಡಬ್ಬಿಯನ್ನು ನೀನು ತೆಗೆದು ಮುಂದಿಟ್ಟೆ. ಒಂದು ಚಿಟಿಕೆಯೂ ಕಡಿಮೆಯಾಗಿರಲಿಲ್ಲ.

ಆ ಕಟ್ಟಳೆಯ ಸುಳ್ಳನ್ನು ನನ್ನ ಮನೆಯವಳಿಗೆ ಮಾತ್ರ ಹೇಳಿದ್ದೆ. ಕೇಳಿ ಅವಳು, "ನಮ್ಮ ಮೈಲಿಗೆಯನ್ನು ಅವನ ಮನೆಗೆ ಹೊತ್ತು ಹಾಕಿದಿರಲ್ಲ" ಎಂದಳು, ಅಷ್ಟೇ. ಅಂದಿನಿಂದ ನೀನು ಬಂದಾಗ ಕಾಫಿಯನ್ನು ದೊಡ್ಡ ಲೋಟದಲ್ಲಿ ಕೊಡತೊಡಗಿದಳು. ನೀನು ಗಮನಿಸಿದ್ದೆಯೋ ಇಲ್ಲವೋ. ಹೋದ ಮಾಘದಲ್ಲಿ ಅವಳೂ ಹೋದಳು. ಇನ್ನು ಈ ಸಂಗತಿ ಬಲ್ಲವನು ನಾನೊಬ್ಬನೇ ಎಂದು, ಹೇಳಲು ನಾಚಿಕೆ, ಒಂದು ಗಳಿಗೆ ಸಮಾಧಾನವೂ ಆಯಿತು.

ನಿನ್ನ ಸಾವಿನ ದಿನ ತುಮ್ಮನಟ್ಟಿಯ ಬಯಲಿನಲ್ಲಿ ನಾನೂ ನಿಂತಿದ್ದೆ. ನಿಮ್ಮ ಪದ್ಧತಿಯಂತೆ ಹಿರಿಯರೊಬ್ಬರು ನಿನ್ನ ತಲೆಯ ಬಳಿ ನಿಂತು, ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು, ಮಾಡಿರಲಿ ಬಿಡಲಿ. ಒಂದೊಂದಕ್ಕೂ ಜನರೆಲ್ಲ ಅದು ಹೋಗಲಿ ಎನ್ನುತ್ತಿದ್ದರು. ನಂಬಿದವನಿಗೆ ಸುಳ್ಳಾಡಿದ ಪಾಪ ಎಂದರು. ಇನ್ನೊಬ್ಬನ ಏಳಿಗೆಗೆ ಕರುಬಿದ ಪಾಪ ಎಂದರು. ಹೋಗುವವನ ದಾರಿ ಮುಚ್ಚಿದ ಪಾಪ ಎಂದರು. ಎಲ್ಲ ನನ್ನವು, ಹೊತ್ತು ಮಲಗಿದವನು ನೀನು. ನನ್ನ ಬಾಯೂ ಎಲ್ಲರ ಜೊತೆ ಹೋಗಲಿ ಎಂದಿತು. ಆ ದಿನವೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಈಗ ನಿನ್ನ ಮಗ ಜೋಗಿಯ ವಿಷಯ. ಮೂವತ್ತು ತುಂಬಿತು, ಊಟಿಯ ಒಂದು ಸಸಿ ತೋಟದಲ್ಲಿ ಮೇಸ್ತ್ರಿ. ಸಸಿಯ ಬೇರು ಮುಟ್ಟಿ ಬದುಕುತ್ತದೋ ಇಲ್ಲವೋ ಹೇಳುತ್ತಾನೆ, ನೀನು ಹೆಜ್ಜೆ ಮುಟ್ಟಿ ಹೇಳುತ್ತಿದ್ದಂತೆ. ಕಳೆದ ತಿಂಗಳ ಕೊನೆಗೆ ನನ್ನ ಜಗಲಿಗೆ ಬಂದ, ನೀನು ಕೂರುತ್ತಿದ್ದ ಅಂಚಿನಲ್ಲೇ ಕೂತ. ತೋಟದ ದೊರೆ ಜಾವಾಕ್ಕೆ ಸಸಿ ಕಳಿಸುತ್ತಿದ್ದಾನಂತೆ, ಅದೇ ಹೊಗೆಯ ಬೆಟ್ಟದ ಬುಡದ ತೋಟಕ್ಕೆ. ಜೊತೆಗೆ ಹೋಗಿ ಆರು ತಿಂಗಳು ಇದ್ದು ನೆಟ್ಟು ಬರಲು ಆಳು ಬೇಕು. ಜೋಗಿ ತಾನು ಹೋಗುತ್ತೇನೆಂದು ಕೇಳಿದರೆ ದೊರೆ ಕಪಾಟಿನಿಂದ ಒಂದು ಪುಸ್ತಕ ತೆಗೆದು ತೋರಿಸಿದನಂತೆ. ನಮ್ಮ ಹಳೆಯ ದೊರೆ ತನ್ನ ದೇಶಕ್ಕೆ ಹೋಗಿ ಅಚ್ಚು ಹಾಕಿಸಿದ ಪುಸ್ತಕ. ನಿನ್ನ ಜನ ಕಡಲು ದಾಟುವುದಿಲ್ಲ, ನಿನ್ನ ಧರ್ಮ ಕೆಡಿಸಿದ ಅಪವಾದ ನನಗೆ ಬೇಡ ಎಂದನಂತೆ.

"ಇಂಥ ಕಟ್ಟಳೆ ಎಂಗಳಿಗೆ ಇತ್ತಾ ಅಯ್ಯಾ?" ಎಂದು ಕೇಳಿದ. "ಅಪ್ಪ ಎಂದೂ ಹೇಳಲಿಲ್ಲೆ. ಊರ ಗೌಡರನ್ನು ಕೇಳಿದೆ. ತಿಳಿಯದು, ಆದರೆ ದೊರೆ ಬರೆದಿದ್ದಾನೆ ಅಂದರೆ ಎಂಗ ಹಿರಿಯರು ಯಾರೋ ಹೇಳಿರಬೇಕು, ಇದ್ದರೂ ಇರಬಹುದು, ದಾಟೋದು ಬೇಡ ಅಂದರು. ನೀ ಅಪ್ಪನ ಕೂಡ ಇದ್ದವ. ನಿನಗೆ ಗೊತ್ತಿರಬೇಕು."

ನಾನು ಏನೆಂದೆ ಗೊತ್ತೆ? ವಿಚಾರಿಸುತ್ತೇನೆ ಎಂದೆ. ಅರುವತ್ತೆಂಟು ವರ್ಷದ ಮುದುಕ, ನಾನೇ ಹೆತ್ತ ಸುಳ್ಳನ್ನು ವಿಚಾರಿಸುತ್ತೇನೆ ಎಂದೆ. ಅವನು ನಂಬಿ ಹೋದ, ನಿನ್ನ ಮಗನಲ್ಲವೇ. ಸಸಿಗಳ ಪೆಟ್ಟಿಗೆ ರೈಲಿಗೆ ಹೋಗಲು ಹನ್ನೆರಡು ದಿನ ಉಳಿದಿತ್ತು. ಅದರಲ್ಲಿ ಐದನ್ನು ನಾನು ಜಗಲಿಯಲ್ಲಿ ಕೂತೇ ಕಳೆದೆ. ಒಂದು ಸುಳ್ಳು ಸತ್ತವನ ಜೊತೆ ಮುಗಿಯುತ್ತದೆ ಎಂದುಕೊಂಡಿದ್ದೆನಲ್ಲ, ಅದು ಊರಿನ ಕಟ್ಟಳೆಯಾಗಿ ಬೇರು ಬಿಡುತ್ತಿತ್ತು.

ಆರನೆಯ ದಿನ ತುಮ್ಮನಟ್ಟಿಗೆ ನಡೆದೆ. ಗೌಡರೂ ನಾಲ್ಕಾರು ಹಿರಿಯರೂ ಕಲ್ಲುಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದರು. ಜೋಗಿಯನ್ನೂ ಅವನ ತಾಯಿ ಮಾದಿಯನ್ನೂ ಕರೆಸಿದೆ. ನಿಂತೇ ಹೇಳಿದೆ, ಆಲೂಗಡ್ಡೆಯ ಮಾತಿನಿಂದ ಹಿಡಿದು ಸೀನಿನವರೆಗೆ. ಯಾರೂ ಕೂಗಾಡಲಿಲ್ಲ. ಗೌಡರು, "ಅಂದರೆ ಬೆಳ್ಳಿ ಹೋಗಬಹುದಾಗಿತ್ತು" ಎಂದರು. ಹೌದು ಎಂದೆ. ಇನ್ನೊಬ್ಬ ಮುದುಕರು, "ಪುಸ್ತಕಕ್ಕೆ ಹೆದರಿ ಎಂಗಳೂ ಹೌದು ಅಂದುಬಿಟ್ಟೆವಲ್ಲ ಗೌಡಾ, ಎಂಗಳ ಬಾಯಿಗೂ ಹುಳ ಬೀಳಲಿ" ಎಂದು ನೆಲ ನೋಡಿದರು.

ಮಾದಿ ಎದ್ದು ಮನೆಯೊಳಗೆ ಹೋದಳು. ನಿಮ್ಮ ಊರಿನಲ್ಲಿ ಹಾದಿ ತಪ್ಪಿ ಬಂದವನನ್ನೂ ಉಣ್ಣದೆ ಕಳಿಸುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಹಸಿದ ಹೊಟ್ಟೆಯಲ್ಲಿ ಆ ಇಳಿಜಾರು ಇಳಿದವನಲ್ಲ. ಕಾದೆ. ಬಾಗಿಲಿಗೆ ಯಾರೂ ಬರಲಿಲ್ಲ. ಒಂದು ಲೋಟ ಮಜ್ಜಿಗೆಯೂ ಇಲ್ಲದೆ ಇಳಿದು ಬಂದೆ. ಅದು ಸರಿ ಬೆಳ್ಳಿ. ನಾನು ಕುಡಿದ ಎಲ್ಲ ಪಂಚಗವ್ಯಕ್ಕಿಂತ ಆ ಹಸಿವು ಹೆಚ್ಚು ಕೆಲಸ ಮಾಡಿತು.

ತೋಟದ ದೊರೆ ಬಾಯಿಮಾತು ಒಪ್ಪಲಿಲ್ಲ. ಅಚ್ಚಾದ ಪುಸ್ತಕದ ಎದುರು ನಿನ್ನ ಮಾತೇ, ಬರೆದು ಕೊಡು ಎಂದ. ಕೂತೆ. ಕಾಲೇಜಿನ ಇಂಗ್ಲಿಷೆಲ್ಲ ಆಗ ನೆನಪಾಯಿತು ನೋಡು, ಬೇಡದಿದ್ದಾಗ. ಮೊದಲ ಕಾಗದದಲ್ಲಿ 'ಇನಡ್ವರ್ಟೆಂಟ್ಲಿ', ಅಂದರೆ ಅರಿಯದೆ, ಎಂದು ಬರೆದೆ. ಹರಿದೆ. ಎರಡನೆಯದರಲ್ಲಿ 'ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಬಂತು. ಅದನ್ನೂ ಹರಿದೆ. ದೊಡ್ಡ ಮಾತುಗಳೆಲ್ಲ ನನ್ನನ್ನು ಬಚ್ಚಿಡಲು ಓಡಿಬರುತ್ತಿದ್ದವು. ಕೊನೆಗೆ ಚಿಕ್ಕ ತರಗತಿಯಲ್ಲಿ ಮೊದಲು ಕಲಿತ ನಾಲ್ಕು ಮಾತು ಸಾಕಾದವು. 'ಐ ಟೋಲ್ಡ್ ಎ ಲೈ.' ಕೆಳಗೆ ಹೆಸರು ಹಾಕಿ, ನಮ್ಮ ಹಳೆಯ ದೊರೆಯ ವಿಳಾಸಕ್ಕೂ ಒಂದು ಪ್ರತಿ ಕಳಿಸಿದೆ. ಬದುಕಿದ್ದಾನೋ ಇಲ್ಲವೋ.

ಇಂದು ಬೆಳಗ್ಗೆ ಊಟಿಯ ಸ್ಟೇಷನ್ನಿನಲ್ಲಿ ಜೋಗಿ ರೈಲು ಹತ್ತಿದ. ಹೆಗಲ ಮೇಲೆ ನಿನ್ನ ಬಿಳಿಯ ಹೊದಿಕೆ. ನನ್ನೊಡನೆ ಮಾತಾಡುತ್ತಾನೆಂದು ನಾನು ನೆಚ್ಚಿರಲಿಲ್ಲ, ದೂರದಲ್ಲಿ ಕಂಬದ ಬಳಿ ನಿಂತಿದ್ದೆ. ಅವನೇ ಬಂದ. "ಅಮ್ಮ ನಿನ್ನ ಹೆಸರು ಎತ್ತುವುದಿಲ್ಲೆ. ಎನಗೂ ಇನ್ನೂ ಆಗದು" ಎಂದ. ಹೊದಿಕೆ ಸರಿಮಾಡಿಕೊಂಡು, "ಆದರೂ ಹೇಳು. ಅಲ್ಲಿ ನೋಡೋಕೆ ಏನಿದೆ?" ಎಂದ.

ನನಗೆ ಗೊತ್ತಿಲ್ಲ ಎಂದೆ. ನಾನು ನೋಡಲಿಲ್ಲ. ಜೊಂಡು ಅಲುಗಿದ್ದು ನೋಡಿದೆ. ಬೆಳಗಿನ ಗಾಳಿ ಕೆಳಕ್ಕೆ ಬೀಸುತ್ತದೆ, ಅದಕ್ಕೆ ಹೊಂಡದ ಕೆಳಗಡೆ ಕೂರು. ಸಾಕು ಅನಿಸಿದ ಮೇಲೆ ಇನ್ನೂ ನೂರು ಉಸಿರು ಕೂರು, ಇದು ನಿನ್ನ ಅಪ್ಪ ಹೇಳಿದ್ದು ಎಂದೆ. ಅವನು ತುಟಿಯಲ್ಲೇ ಅದನ್ನು ಒಮ್ಮೆ ಹೇಳಿಕೊಂಡ. ರೈಲು ಕೆತ್ತಿಯ ಕಡೆ ತಿರುಗಿತು.

ನಸ್ಯದ ಡಬ್ಬಿಗಳೆರಡನ್ನೂ ಇವತ್ತು ಕೆರೆಗೆ ಹಾಕಿ ಬಂದೆ. ಅದೇನು ದೊಡ್ಡದಲ್ಲ. ಅವನು ಹಿಂತಿರುಗುವವರೆಗೆ ನಾನು ಇದ್ದರೆ, ಇರಲು ನೋಡುತ್ತೇನೆ, ಅವನು ಕಂಡದ್ದನ್ನು ಕೇಳಿ ನಿನಗೆ ಬರೆಯುತ್ತೇನೆ. ಕಿವಿ ಮೊದಲು ತಿರುಗಿಸಿತೋ ಮೂತಿ ಮೊದಲೋ, ಅದನ್ನೇ ಮೊದಲು ಕೇಳುತ್ತೇನೆ. ಅವನು ಏನೂ ಕಾಣಲಿಲ್ಲವೆಂದರೆ, ಕಾಣಲಿಲ್ಲವೆಂದೇ ಬರೆಯುತ್ತೇನೆ.

ನಿನ್ನ ಮಾತನ್ನು ತಿರುಚಿದ,
ನಿನ್ನ ರೈಟರು